ಸೂರ್ಯನ ಕಲೆ, ಒಂದು ಪೌಂಡ್ ಧಾನ್ಯ

ಹವಾಮಾನದ ಮಾತು ಬಂದ ಕೂಡಲೇ ಜನ ಎರಡು ಪಾಳಯವಾಗುವುದು ನಮ್ಮ ಕಾಲದ ಚಾಳಿ ಎಂದುಕೊಂಡವರು 1877ರ ಕಡೆ ಒಮ್ಮೆ ನೋಡಬೇಕು. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ಮೈಸೂರು, ಬಳ್ಳಾರಿ, ಧಾರವಾಡ, ಕಲಾದಗಿ ಸೀಮೆಗಳಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದರು. ಸಂವತ್ಸರಗಳ ಹೆಸರು ಹಿಡಿದು ನಮ್ಮವರು ಇದನ್ನು ಧಾತು-ಈಶ್ವರ ಬರ ಎಂದರು. ಇದರ ಸುತ್ತ ಸರ್ಕಾರದೊಳಗೇ ಎರಡು ಜಗಳ ನಡೆದವು. ಒಂದು ಆಕಾಶದ್ದು, ಇನ್ನೊಂದು ಹೊಟ್ಟೆಯದು.

ಮೊದಲನೆಯದನ್ನು ಎಬ್ಬಿಸಿದವನು ಸರ್ಕಾರದ ಅಂಕಿಅಂಶಗಳ ಮುಖ್ಯಸ್ಥ ಡಬ್ಲ್ಯು. ಡಬ್ಲ್ಯು. ಹಂಟರ್. ಮದರಾಸಿನಲ್ಲಿ 1813ರಿಂದ ಬರೆದಿಟ್ಟ ಮಳೆ ಲೆಕ್ಕವನ್ನು ಸೂರ್ಯನ ಕಲೆಗಳ ಲೆಕ್ಕದ ಪಕ್ಕದಲ್ಲಿಟ್ಟು, ಕಲೆಗಳು ಕಡಿಮೆಯಾದಾಗ ಬರ ಬರುತ್ತದೆ, ಇದು 11 ವರ್ಷಗಳ ಚಕ್ರ ಎಂದ. ಖಗೋಳಜ್ಞ ನಾರ್ಮನ್ ಲಾಕ್ಯರ್ ಜೊತೆಗೂಡಿದ. ರಿಚರ್ಡ್ ಸ್ಟ್ರೇಚಿ ಅದೇ ಮದರಾಸಿನ ಮಳೆ ಲೆಕ್ಕ ಹಿಡಿದು, ಇದರಲ್ಲಿ ನಂಬುವಂಥ ಚಕ್ರವೇ ಇಲ್ಲ ಎಂದು ವಾದಿಸಿದ. ಹಂಟರ್‌ನನ್ನು ನಗಾಡುವುದು ಸುಲಭ. ಆದರೆ ಬರ ಮೊದಲೇ ಗೊತ್ತಾದರೆ ಸಿದ್ಧವಾಗಬಹುದು ಎಂಬ ಅವನ ಆಸೆ ನನಗೆ ತಪ್ಪಾಗಿ ಕಾಣುವುದಿಲ್ಲ.

ನನ್ನನ್ನು ಹಿಡಿದು ನಿಲ್ಲಿಸುವುದು ಎರಡನೆಯ ಜಗಳ. ವೈಸರಾಯ್ ಲಿಟ್ಟನ್ ಕಳಿಸಿದ ರಿಚರ್ಡ್ ಟೆಂಪಲ್, ಪರಿಹಾರ ಕಾಮಗಾರಿಯಲ್ಲಿ ದಿನವಿಡೀ ಕಲ್ಲೊಡೆಯುವ ಆಳಿಗೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯದ ಬೆಲೆ ಮತ್ತು ಒಂದಾಣೆ ಸಾಕು ಎಂದು ಕೂಲಿ ಇಳಿಸಿದ. ಖರ್ಚು ಉಳಿಯಬೇಕು, ಧಾನ್ಯದ ವ್ಯಾಪಾರಕ್ಕೆ ಕೈ ಹಾಕಬಾರದು ಎಂಬುದು ಅಂದಿನ ಅರ್ಥನೀತಿ. ವಿಚಿತ್ರವೆಂದರೆ, 1874ರ ಬಿಹಾರದ ಬರದಲ್ಲಿ ಬರ್ಮಾದ ಅಕ್ಕಿ ತರಿಸಿ ಹಂಚುವ ಕೆಲಸ ನಡೆಸಿದವನೂ ಇದೇ ಟೆಂಪಲ್. ಅಲ್ಲಿ ಸತ್ತವರು ತೀರಾ ಕಡಿಮೆ. ಅದಕ್ಕೆ ಅವನಿಗೆ ಸಿಕ್ಕಿದ್ದು ದುಂದುಗಾರನೆಂಬ ಬಿರುದು! ಅಲ್ಲೂ ಮಳೆ ಹೋಗಿತ್ತು, ಇಲ್ಲೂ ಹೋಗಿತ್ತು, ಬದಲಾದದ್ದು ಆದೇಶ.

ಮದರಾಸಿನ ಸ್ಯಾನಿಟರಿ ಕಮಿಷನರ್ ಡಾ. ಕಾರ್ನಿಷ್ ಸುಮ್ಮನಿರಲಿಲ್ಲ. ದುಡಿಯುವ ಮೈಗೆ ಒಂದೂವರೆ ಪೌಂಡ್ ಧಾನ್ಯ, ಜೊತೆಗೆ ಬೇಳೆ ತರಕಾರಿ ಬೇಕು ಎಂದು ಪತ್ರದ ಮೇಲೆ ಪತ್ರ ಬರೆದ. ಬೊಂಬಾಯಿ ಪ್ರಾಂತ್ಯದಲ್ಲಂತೂ ಕೂಲಿಗಳೇ ಕೆಲಸ ಬಿಟ್ಟು ಎದ್ದು ನಡೆದರು. ಪುಣೆಯ ಸಾರ್ವಜನಿಕ ಸಭೆ ಅವರ ಪರ ನಿಂತಿತು. ಕೊನೆಗೆ ಮದರಾಸು ಸರ್ಕಾರ ಕೂಲಿ ಹೆಚ್ಚಿಸಿತು.

ಮೈಸೂರು ಸಂಸ್ಥಾನದ ಲೆಕ್ಕ ಜನಗಣತಿಯಲ್ಲಿದೆ. 1871ರಲ್ಲಿ 50,55,412 ಜನ, 1881ರಲ್ಲಿ 41,86,188. ನಾನಿರುವ ಚಂದ್ರಾ ಲೇಔಟಿಗೆ ದಕ್ಷಿಣದಲ್ಲಿ, ನಾಯಂಡಹಳ್ಳಿ ದಾಟಿ ಕೆಂಗೇರಿಯತ್ತ ಹೋಗುವ ಮೈಸೂರು ರೈಲುದಾರಿ ಆ ಬರದ ಪರಿಹಾರ ಕಾಮಗಾರಿಯಾಗಿ ಶುರುವಾದದ್ದು. ಕ್ಷಾಮದ ಗುಂಡಿ ತೋಡಿದ ಕೈಗಳ ಮೇಲೆ ಈಗ ನಾವು ಎರಡೂವರೆ ಗಂಟೆಯಲ್ಲಿ ಮೈಸೂರು ಸೇರುತ್ತೇವೆ.

1877ರಲ್ಲಿ ಪೆಸಿಫಿಕ್ ಸಾಗರ ವಿಪರೀತ ಬಿಸಿಯಾಗಿತ್ತು, ಅದು ಎಲ್ ನಿನೊ ಎಂದು ಈಗ ಗೊತ್ತು. ಹಂಟರ್ ನೋಡಿದ ದಿಕ್ಕು ಸರಿ, ಹಿಡಿದ ಗುರುತು ತಪ್ಪು. ಆದರೆ ಎಲ್ ನಿನೊ ಕೂಲಿ ಇಳಿಸುವುದಿಲ್ಲ. ನಮ್ಮ ತಿಳಿವು ಬೆಳೆದ ಮೇಲೂ ಎರಡನೆಯ ಜಗಳ ಮುಗಿದಿಲ್ಲ. 2023ರಲ್ಲಿ ಮತ್ತೆ ಎಲ್ ನಿನೊ ಬಂತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು. ಕರ್ನಾಟಕ 18,171 ಕೋಟಿ ರೂಪಾಯಿ ಕೇಳಿ, ಸಿಗದೆ, 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್‌ನಲ್ಲಿ ಕೇಂದ್ರ ಬಿಡುಗಡೆ ಮಾಡಿದ್ದು ಸುಮಾರು 3,454 ಕೋಟಿ. ಅಷ್ಟರಲ್ಲಿ ಮುಂದಿನ ಮುಂಗಾರಿಗೆ ಎರಡು ತಿಂಗಳೂ ಉಳಿದಿರಲಿಲ್ಲ.