ಐದು ಸೋಲುಗಳ ಲೆಕ್ಕ: ಮುಹಮ್ಮದ್ ಅಲಿಯವರ ದಾಖಲೆಯನ್ನು ಓದುವ ಬಗೆ

ಮುಹಮ್ಮದ್ ಅಲಿಯವರ ವೃತ್ತಿಜೀವನದ ದಾಖಲೆ ಒಂದೇ ಸಾಲಿನಲ್ಲಿ ಮುಗಿಯುತ್ತದೆ: 61 ಪಂದ್ಯ, 56 ಗೆಲುವು, ಅವುಗಳಲ್ಲಿ 37 ನಾಕೌಟ್, 5 ಸೋಲು. ಒಂದೂ ಸೋಲಿಲ್ಲದೆ 49 ಪಂದ್ಯ ಗೆದ್ದು 1956ರಲ್ಲಿ ನಿವೃತ್ತರಾದ ರಾಕಿ ಮಾರ್ಸಿಯಾನೊ ಇವರಿಗಿಂತ ದೊಡ್ಡವರಲ್ಲವೇ ಎಂದು ನಮ್ಮ ಯುವಕರು ಕೇಳುವುದುಂಟು. ಬರಿಯ ಅಂಕಿಗಳನ್ನೇ ನೋಡಿದರೆ ಹೌದೆನ್ನಬೇಕಾಗುತ್ತದೆ.

ಆದರೆ ಕರ್ಜಗಿ, ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಸೀಮೆಯಲ್ಲಿ ಕುಸ್ತಿ ನೋಡಿ ಬೆಳೆದ ಹಿರಿಯರು ಪೈಲ್ವಾನನನ್ನು ಹೀಗೆ ಅಳೆಯುವುದಿಲ್ಲ. ಎಷ್ಟು ಕುಸ್ತಿ ಗೆದ್ದ ಎನ್ನುವುದಕ್ಕಿಂತ ಜೋಡಿ ಯಾರಿದ್ದ, ಅವನ ಕಸುವು ಆಗ ಹೇಗಿತ್ತು, ಬಿದ್ದವನು ಅದೇ ಜೋಡಿಯನ್ನು ಮತ್ತೆ ಕೇಳಿ ಹಿಡಿದನೇ ಎಂಬುದನ್ನೇ ಅವರು ವಿಚಾರಿಸುತ್ತಾರೆ. ಗಾಮಾ ಪೈಲ್ವಾನರ ಚರಿತ್ರೆಯೇ ಇದಕ್ಕೆ ಸಾಕ್ಷಿ. 1910ರ ಸೆಪ್ಟೆಂಬರ್ 10ರಂದು ಲಂಡನ್ನಿನಲ್ಲಿ ಪೋಲೆಂಡಿನ ಜ್ಬಿಸ್ಕೊ ಅವರೊಡನೆ ಗಾಮಾ ಸುಮಾರು ಎರಡೂವರೆ ಗಂಟೆ ಸೆಣಸಿದರು. ಪುಸ್ತಕದಲ್ಲಿ ಅದು 'ಸಮಬಲ'. ಜ್ಬಿಸ್ಕೊ ಬಹುಪಾಲು ಹೊತ್ತು ನೆಲಕ್ಕಂಟಿಕೊಂಡೇ ಇದ್ದರೆಂಬುದನ್ನಾಗಲಿ, ಮರುವಾರದ ಪಂದ್ಯಕ್ಕೆ ಬರಲೇ ಇಲ್ಲವೆಂಬುದನ್ನಾಗಲಿ ಆ ಪದ ತಿಳಿಸುವುದಿಲ್ಲ. 1928ರಲ್ಲಿ ಪಟಿಯಾಲದಲ್ಲಿ ಗಾಮಾ ಅವರನ್ನು ಒಂದು ನಿಮಿಷದೊಳಗೆ ಚಿತ್ ಮಾಡಿದರು.

ಇದೇ ಕಣ್ಣಿನಿಂದ ಅಲಿಯವರ ಸೋಲುಗಳನ್ನು ನೋಡೋಣ. 1971ರಲ್ಲಿ ಜೋ ಫ್ರೇಜಿಯರ್, 1973ರಲ್ಲಿ ಕೆನ್ ನಾರ್ಟನ್, 1978ರಲ್ಲಿ ಲಿಯಾನ್ ಸ್ಪಿಂಕ್ಸ್: ಈ ಮೂವರಿಗೂ ಸೋತು, ಮೂವರನ್ನೂ ಅಲಿಯವರು ಮರಳಿ ಸೋಲಿಸಿದರು. ಉಳಿದೆರಡು ಸೋಲು 38 ಮತ್ತು 39ನೆಯ ವಯಸ್ಸಿನಲ್ಲಿ ಬಂದವು. ಆ ಎರಡು ಪಂದ್ಯಗಳನ್ನು ಅವರು ಆಡಲೇಬಾರದಿತ್ತು. ಗೆಲುವುಗಳ ತೂಕವೂ ಸಣ್ಣದಲ್ಲ. 1974ರ ಅಕ್ಟೋಬರ್ 30ರಂದು ಕಿನ್ಶಾಸಾದಲ್ಲಿ ಎದುರಾದ ಜಾರ್ಜ್ ಫೋರ್‌ಮನ್ ಅಲ್ಲಿಯವರೆಗೆ ತಮ್ಮ 40 ಪಂದ್ಯಗಳನ್ನೂ ಗೆದ್ದಿದ್ದರು. ಫ್ರೇಜಿಯರ್ ಹಾಗೂ ನಾರ್ಟನ್ ಇಬ್ಬರನ್ನೂ ಎರಡೆರಡು ಸುತ್ತಿನಲ್ಲೇ ಉರುಳಿಸಿದ್ದರು. ಅವರನ್ನು ಅಲಿಯವರು ಎಂಟನೆಯ ಸುತ್ತಿನಲ್ಲಿ ನೆಲಕ್ಕೆ ಕೆಡವಿದರು. ಮಾರ್ಸಿಯಾನೊ ಎದುರಿಸಿದ ಜೋ ಲೂಯಿಸ್‌ಗೆ ಆಗ 37 ವರ್ಷ. ಅದು ಮಾರ್ಸಿಯಾನೊ ಅವರ ತಪ್ಪಲ್ಲ, ಆದರೆ ತೂಗುವವರು ಅದನ್ನು ಮರೆಯಲಾಗದು.

ಇನ್ನು ದಾಖಲೆಯಲ್ಲಿ ಖಾಲಿ ಉಳಿದ ಪುಟ. 1967ರ ಮಾರ್ಚ್ 22ರಂದು ಜೋರಾ ಫೋಲಿಯನ್ನು ಮಣಿಸಿದಾಗ ಅಲಿಯವರಿಗೆ 25 ವರ್ಷ, 29 ಪಂದ್ಯಗಳಲ್ಲಿ 29 ಗೆಲುವು. ಏಪ್ರಿಲ್ 28ರಂದು ಹ್ಯೂಸ್ಟನ್ನಿನಲ್ಲಿ, ಧಾರ್ಮಿಕ ಕಾರಣವನ್ನು ಮುಂದಿಟ್ಟು ಸೈನ್ಯಕ್ಕೆ ಸೇರಲು ನಿರಾಕರಿಸಿದರು. ಪಟ್ಟ ಹೋಯಿತು, ಪರವಾನಗಿ ಹೋಯಿತು. ಐದು ವರ್ಷ ಸೆರೆವಾಸ ಹಾಗೂ 10,000 ಡಾಲರ್ ದಂಡದ ತೀರ್ಪು ಬಂದಿತು. ಮೇಲ್ಮನವಿಯ ಕಾರಣ ಸೆರೆಗೆ ಹೋಗಲಿಲ್ಲವಾದರೂ, 1970ರ ಅಕ್ಟೋಬರ್ 26ರವರೆಗೆ ರಿಂಗಿಗಿಳಿಯಲಾಗಲಿಲ್ಲ. 1971ರ ಜೂನ್ 28ರಂದು ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ರದ್ದುಪಡಿಸಿತು. ಅಂದು ಅವರಿದ್ದ ನೇಶನ್ ಆಫ್ ಇಸ್ಲಾಮ್ ಸಂಘಟನೆಯ ಹಲವು ನಂಬಿಕೆಗಳನ್ನು ನಾವು ಒಪ್ಪಲಾರೆವು. 1975ರ ಬಳಿಕ ಅಲಿಯವರೇ ಸುನ್ನೀ ಇಸ್ಲಾಮಿನತ್ತ ಹೊರಳಿದರು. ಆದರೂ ಮಲ್ಲನೊಬ್ಬನ ಮೈಯಲ್ಲಿ ಶಕ್ತಿ ತುಂಬಿ ತುಳುಕುವ ಮೂರೂವರೆ ವರ್ಷಗಳನ್ನು ಮಾತಿಗಾಗಿ ಬಿಟ್ಟುಕೊಟ್ಟದ್ದು ನಮ್ಮ ತಕ್ಕಡಿಯಲ್ಲಿ 56 ಗೆಲುವುಗಳಿಗಿಂತ ಭಾರವಾಗಿದೆ.

ಮುಖಕ್ಕೆ ಹೊಡೆಯುವುದನ್ನು ಪ್ರವಾದಿಯವರು(ಸ) ತಡೆದಿರುವುದರಿಂದ ಬಾಕ್ಸಿಂಗ್ ಬಗ್ಗೆ ವಿದ್ವಾಂಸರ ಆಕ್ಷೇಪವಿದೆಯೆಂಬುದು ನಮಗೆ ಗೊತ್ತಿದೆ. ನಾವಿಲ್ಲಿ ಆ ಕ್ರೀಡೆಯನ್ನು ಹೊಗಳುತ್ತಿಲ್ಲ, ಒಬ್ಬ ಮನುಷ್ಯನ ಲೆಕ್ಕವನ್ನು ತೂಗುತ್ತಿದ್ದೇವೆ. ತೂಗುವಾಗ ಅಭಿಮಾನಿಗಳು ಮರೆಮಾಚುವ ಪುಟಗಳನ್ನೂ ತೆರೆಯಬೇಕು. 1976ರ ಸೆಪ್ಟೆಂಬರ್‌ನಲ್ಲಿ ನಾರ್ಟನ್ ಅವರೊಡನೆ ನಡೆದ ಮೂರನೆಯ ಪಂದ್ಯ ಅಲಿಯವರ ಗೆಲುವೆಂದು ದಾಖಲಾಗಿದೆ. ನೋಡಿದವರಲ್ಲಿ ಅನೇಕರು ಅದನ್ನು ಒಪ್ಪಲಿಲ್ಲ. ಇನ್ನೊಂದು ಪುಟ ಇದಕ್ಕಿಂತ ಕಹಿಯಾದುದು. ನಿಷೇಧದ ದಿನಗಳಲ್ಲಿ ತಮ್ಮ ಪರ ನಿಂತಿದ್ದ ಫ್ರೇಜಿಯರ್ ಅವರನ್ನು ಅಲಿಯವರು 1975ರಲ್ಲಿ ಮನಿಲಾ ಪಂದ್ಯಕ್ಕೆ ಮುನ್ನ ಲೋಕದೆದುರು ಗೊರಿಲ್ಲಾ ಎಂದು ಮೂದಲಿಸಿದರು. ಪಂದ್ಯವನ್ನೇನೋ ಗೆದ್ದರು, ಆದರೆ ಫ್ರೇಜಿಯರ್ ಆ ಮಾತನ್ನು ದಶಕಗಳ ಕಾಲ ಎದೆಯಲ್ಲಿಟ್ಟುಕೊಂಡರು. 2001ರಲ್ಲಿ ಅಲಿಯವರು ಪತ್ರಿಕೆಯ ಮೂಲಕ ಕ್ಷಮೆ ಕೇಳಿದರು. 2011ರ ನವೆಂಬರ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ಫ್ರೇಜಿಯರ್ ಅವರ ಅಂತ್ಯಕ್ರಿಯೆ ನಡೆದಾಗ, ಪಾರ್ಕಿನ್ಸನ್ ರೋಗದಿಂದ ದೇಹ ಕುಗ್ಗಿಹೋಗಿದ್ದ ಅಲಿಯವರೂ ಅಲ್ಲಿಗೆ ಬಂದಿದ್ದರು.