ಹೊಗೆಯ ಬಣ್ಣ

ಇಂಗ್ಲೆಂಡಿನ 1956ರ ಮಾರಿಸ್ ಆಕ್ಸ್‌ಫರ್ಡ್ ಕಾರೇ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ಆಯಿತೆಂಬುದೂ, 2014ರಲ್ಲಿ ಅದರ ತಯಾರಿಕೆ ನಿಂತಿತೆಂಬುದೂ ವಾಚಕರಿಗೆ ತಿಳಿದದ್ದೇ. ಅಂಥದೊಂದು ಹಳೆಯ ಕಾರನ್ನು ನಾನು ಕೊಂಡೆ. ಹಿಂದೆ ನೀಲಿ ಹೊಗೆ! “ಕಪ್ಪಾದರೆ ಪೆಟ್ರೋಲು ಹೆಚ್ಚು, ನೀಲಿಯಾದರೆ ಎಣ್ಣೆ ಉರೀತಿದೆ ಮೇಷ್ಟ್ರೇ,” ಎಂದರು ಗ್ಯಾರೇಜಿನ ಹಿರಿಯ ಮೇಸ್ತ್ರಿ. ಪ್ಲಗ್ಗು ಬಿಚ್ಚಿ ಸಿಲಿಂಡರಿನ ಒತ್ತಡ ಅಳೆದರು, ಕಡಿಮೆಯಿತ್ತು. ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆದರು, ಏರಿತು. ಎಣ್ಣೆ ಸಂದನ್ನು ಮುಚ್ಚಿತ್ತು. ಸವೆದದ್ದು ಪಿಸ್ಟನ್ ರಿಂಗು, ವಾಲ್ವಲ್ಲ.

ಅಮೆರಿಕದಲ್ಲಿ 1996ರಿಂದ ಹೊಸ ಕಾರುಗಳು ತಮ್ಮ ರೋಗವನ್ನು ತಾವೇ ಅಂಕಿಯಲ್ಲಿ ತಿಳಿಸಬೇಕೆಂಬ ನಿಯಮ ಬಂತು; ಈಗ ಇಲ್ಲಿಯೂ ಅದೇ ಪದ್ಧತಿ. ಮೇಸ್ತ್ರಿಯ ಮಗ ಆ ಅಂಕಿ ಓದುವ ಯಂತ್ರವನ್ನೇ ನಂಬಿದ್ದಾನೆ. ನನ್ನ ಕಾರಿನಲ್ಲಿ ಅದನ್ನು ಸಿಕ್ಕಿಸಲು ಜಾಗವೇ ಇಲ್ಲ. ತಂದೆಯಾದರೋ ತಮ್ಮ ವಿದ್ಯೆಯನ್ನು ಬರೆದಿಟ್ಟವರಲ್ಲ. ಆದ್ದರಿಂದಲೇ ಇಷ್ಟನ್ನಾದರೂ ನಾನು ಬರೆದಿಟ್ಟೆ.