ಹಣ ಕಳಿಸುವಾಗ ಸರ್ವರ್ ಕೈಕೊಟ್ಟರೆ ಹಣ ಮಾಯವಾಗುತ್ತದೆಯೇ?

‘ನಮ್ಮ ಖಾತೆಯಿಂದ ಹಣ ಕಟ್ ಆಗಿ, ಅವರಿಗೆ ತಲುಪುವ ಮೊದಲೇ ಸರ್ವರ್ ಡೌನ್ ಆದರೆ ಆ ಹಣ ಹೋದಂತೆಯೇ’ ಎಂದು ಹಲವರು ನಂಬಿದ್ದಾರೆ. ಇದು ನಿಜವೇ?

ಇಲ್ಲ. ಇಂಥ ಸಂದರ್ಭಕ್ಕೆಂದೇ ಡೇಟಾಬೇಸ್‌ಗಳಲ್ಲಿ ‘ಟ್ರಾನ್ಸಾಕ್ಷನ್’ ಎಂಬ ವ್ಯವಸ್ಥೆ ಇದೆ.

ಟ್ರಾನ್ಸಾಕ್ಷನ್ ಎಂದರೇನು?
ಒಂದೇ ಬ್ಯಾಂಕಿನಲ್ಲಿ ಅಪ್ಪನ ಖಾತೆಯಿಂದ ಮಗಳ ಖಾತೆಗೆ 500 ರೂಪಾಯಿ ಹೋಗಬೇಕು ಎನ್ನೋಣ. ಕಂಪ್ಯೂಟರಿಗೆ ಇದು ಎರಡು ಕೆಲಸ: ಅಪ್ಪನ ಖಾತೆಯಲ್ಲಿ ಕಳೆಯುವುದು, ಮಗಳ ಖಾತೆಯಲ್ಲಿ ಕೂಡಿಸುವುದು. ‘ಬಿಗಿನ್’ ಎಂಬ ಆದೇಶ ಕೊಟ್ಟು ಎರಡನ್ನೂ ಒಂದೇ ಗಂಟಿಗೆ ಕಟ್ಟುತ್ತಾರೆ. ಎರಡೂ ಸರಿಯಾದರೆ ‘ಕಮಿಟ್’, ಅಂದರೆ ದಾಖಲೆ ಪಕ್ಕಾ. ಒಂದು ತಪ್ಪಿದರೂ ‘ರೋಲ್‌ಬ್ಯಾಕ್’, ಅಂದರೆ ಎಲ್ಲವೂ ಮೊದಲಿನಂತೆ. ನಡುವೆ ಕರೆಂಟ್ ಹೋದರೆ, ಸರ್ವರ್ ಮತ್ತೆ ಶುರುವಾದಾಗ ತನ್ನ ಲಾಗ್ ನೋಡಿ, ಕಮಿಟ್ ಆಗದ ಬದಲಾವಣೆಯನ್ನು ಕೈಬಿಡುತ್ತದೆ.

ಆಟೋಕಮಿಟ್ ಎಂದರೆ?
ಪ್ರತಿ ಆದೇಶವೂ ಮುಗಿದ ಕೂಡಲೇ ತಾನಾಗಿಯೇ ಪಕ್ಕಾ ಆಗುವುದು. ಮೈಎಸ್‌ಕ್ಯೂಎಲ್‌ನಲ್ಲಿ ಮೊದಲಿನಿಂದಲೇ ಹೀಗೆ ಇರುತ್ತದೆ. ಒಂಟಿ ಕೆಲಸಕ್ಕೆ ಇದು ಅನುಕೂಲ. ಆದರೆ ಹಣ ವರ್ಗಾವಣೆಯನ್ನು ಹೀಗೆ ಬರೆದರೆ, ಕಳೆಯುವುದು ಪಕ್ಕಾ ಆಗಿ ಕೂಡಿಸುವುದು ಉಳಿದುಬಿಡಬಹುದು. ಡೇಟಾಬೇಸ್ ಕಲಿಯುವವರಿಗೂ ಇದು ಎಚ್ಚರಿಕೆ: ಆಟೋಕಮಿಟ್ ಇದ್ದಾಗ ತಪ್ಪಾಗಿ ‘ಡಿಲೀಟ್’ ಕೊಟ್ಟರೆ ರೋಲ್‌ಬ್ಯಾಕ್ ಮಾಡಲಾಗದು. ಮೊದಲು ಬಿಗಿನ್, ಎಷ್ಟು ಸಾಲು ಅಳಿದಿವೆ ಎಂದು ನೋಡಿ, ಆಮೇಲೆ ಕಮಿಟ್.

ಹಾಗಾದರೆ ಯುಪಿಐನಲ್ಲಿ ಹಣ ಕಟ್ ಆಗಿ ನಿಲ್ಲುವುದೇಕೆ?
ಅಲ್ಲಿ ಸಾಮಾನ್ಯವಾಗಿ ಎರಡು ಬ್ಯಾಂಕ್, ಎರಡು ಬೇರೆ ಡೇಟಾಬೇಸ್. ನಿಮ್ಮ ಬ್ಯಾಂಕಿನಲ್ಲಿ ಕಮಿಟ್ ಆದ ಮೇಲೆ ಆಚೆ ಕಡೆ ವಿಫಲವಾದರೆ, ಹಣವನ್ನು ಮರಳಿ ಜಮಾ ಮಾಡಬೇಕಾಗುತ್ತದೆ. ರಿಸರ್ವ್ ಬ್ಯಾಂಕಿನ 2019ರ ನಿಯಮದಂತೆ, ಒಬ್ಬರಿಂದ ಒಬ್ಬರಿಗೆ ಕಳಿಸಿದ್ದರೆ ಮರುದಿನದೊಳಗೆ, ಅಂಗಡಿಗೆ ಪಾವತಿಸಿದ್ದರೆ 5 ದಿನದೊಳಗೆ ಹಣ ವಾಪಸಾಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ.

ನೆನಪಿಡಿ: ಹಣ ವಾಪಸ್ ಪಡೆಯಲು ಯುಪಿಐ ಪಿನ್ ಬೇಕಿಲ್ಲ. ‘ರೀಫಂಡ್‌ಗೆ ಈ ನಂಬರಿಗೆ ಕರೆ ಮಾಡಿ’ ಎಂಬ ಸಂದೇಶ ಬಂದರೆ ನಂಬಬೇಡಿ, ಫಾರ್ವರ್ಡ್ ಮಾಡಬೇಡಿ. ಆ್ಯಪ್‌ನಲ್ಲೇ ದೂರು ಕೊಡಿ. ಮೋಸ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ.